ಆರು ನಿಮಿಷ ಓಡಿಸಲು ಆರು ದಿನ ನಡೆದೆ

ಸೆಪ್ಟೆಂಬರ್ ಮೊದಲ ವಾರದಲ್ಲಿ ಆರು ದಿನ ನಾನು ನೆಬ್ರಾಸ್ಕಾದ ಲಿಂಕನ್‌ನಲ್ಲಿದ್ದೆ. ಹೋದದ್ದು ಕಾರ್ ರೇಸಿಗೆ. ಆ ಆರು ದಿನದಲ್ಲಿ ಗಡಿಯಾರಕ್ಕೆ ಎದುರಾಗಿ ಕಾರು ಓಡಿಸಿದ್ದು ಎಲ್ಲ ಸೇರಿ ಆರೂಕಾಲು ನಿಮಿಷ. ನಡೆದದ್ದು ಮಾತ್ರ, ಫೋನಿನ ಲೆಕ್ಕ ನಂಬುವುದಾದರೆ, ಎಂಬತ್ತು ಕಿಲೋಮೀಟರಿಗೂ ಮೇಲೆ. ಅಷ್ಟನ್ನು ಹಾಸನದಿಂದ ಧರ್ಮಸ್ಥಳದ ದಾರಿಯಲ್ಲಿ ನಡೆದಿದ್ದರೆ ಶಿರಾಡಿ ಘಾಟಿ ಇಳಿದು ಒಂದಿಷ್ಟು ಪುಣ್ಯವನ್ನಾದರೂ ಕಟ್ಟಿಕೊಂಡಿರುತ್ತಿದ್ದೆ.

ಆಟೋಕ್ರಾಸ್ ಅಂದರೆ ನಮ್ಮ ಕಡೆ ಮಣ್ಣಿನ ಟ್ರ್ಯಾಕು, ಕೆಂಧೂಳು, ಅಡ್ಡಡ್ಡ ಜಾರುವ ಜಿಪ್ಸಿ ನೆನಪಾಗುತ್ತವೆ. ಅಮೆರಿಕದಲ್ಲಿ ಅದೇ ಹೆಸರಿನ ಆಟ ಬೇರೆ. ಸ್ಟೇಡಿಯಂ ಪಾರ್ಕಿಂಗೋ, ಹಳೆಯ ರನ್‌ವೇಯೋ, ಯಾವುದಾದರೊಂದು ದೊಡ್ಡ ಖಾಲಿ ಜಾಗದಲ್ಲಿ ಕಿತ್ತಳೆ ಬಣ್ಣದ ಕೋನ್‌ಗಳನ್ನಿಟ್ಟು ಅಂಕುಡೊಂಕು ದಾರಿ ಮಾಡುತ್ತಾರೆ. ಇನ್ನೊಬ್ಬರನ್ನು ಹಿಂದೆ ಹಾಕುವ ಮಾತೇ ಇಲ್ಲ, ನೀವು ಮತ್ತು ಗಡಿಯಾರ ಅಷ್ಟೇ. ಸಮಯವನ್ನು ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ ಅಳೆಯುತ್ತಾರೆ. ಒಂದು ಕೋನ್ ಕೆಡವಿದರೆ 2 ಸೆಕೆಂಡ್ ದಂಡ. ಒಂದು ಗೇಟು, ಅಂದರೆ ಕೋನ್‌ಗಳ ನಡುವೆ ಹಾದುಹೋಗಲೇಬೇಕಾದ ಜಾಗ, ತಪ್ಪಿಸಿದರೆ ಆ ಓಟವೇ ಲೆಕ್ಕಕ್ಕಿಲ್ಲ. ವೇಗ ಗಂಟೆಗೆ ನೂರು ಕಿಲೋಮೀಟರ್ ದಾಟುವುದು ಅಪರೂಪ. ಕೇಳಿದವರು “ಅಷ್ಟೇನಾ?” ಅನ್ನುತ್ತಾರೆ. ನಾನೂ ಅಂದಿದ್ದೆ.

ಷಿಕಾಗೋ ಪಕ್ಕದ ಊರಿನಲ್ಲಿ ನನ್ನ ಕೆಲಸ, ಮನೆ. ಆಫೀಸಿನ ಗೆಳೆಯನೊಬ್ಬ ಒಂದು ಭಾನುವಾರ ಬಲವಂತವಾಗಿ ಕರೆದುಕೊಂಡು ಹೋದ. ಎರವಲು ಹೆಲ್ಮೆಟ್ ಹಾಕಿಕೊಂಡು, ಹಿಂದಿನ ಸೀಟಿನಲ್ಲಿದ್ದ ಮಗಳ ಕಾರ್ ಸೀಟ್ ಬಿಚ್ಚಿ ಹುಲ್ಲಿನ ಮೇಲಿಟ್ಟು, ಮನೆಯ ಹೋಂಡಾ ಸಿವಿಕ್‌ನಲ್ಲಿ ಹೊರಟೆ. ಮೂರನೇ ತಿರುವಿನಲ್ಲೇ ದಾರಿ ತಪ್ಪಿತು. ಎತ್ತ ನೋಡಿದರೂ ಕಿತ್ತಳೆ ಕೋನ್, ಎಲ್ಲವೂ ಒಂದೇ ಥರ. ಬಯಲಿನ ಮಧ್ಯೆ ಕಾರು ನಿಲ್ಲಿಸಿಕೊಂಡು ಜಾತ್ರೆಯಲ್ಲಿ ಕಳೆದುಹೋದ ಮಗುವಿನ ಹಾಗೆ ಸುತ್ತಮುತ್ತ ನೋಡುತ್ತಿದ್ದೆ. ಕೆಲಸದವರೊಬ್ಬರು ಕೈ ತೋರಿಸಿ ಆಚೆ ಕಳಿಸಿದರು. ಅವತ್ತು ಸಂಜೆ ಮನೆಗೆ ಬಂದಾಗ ಕೈ ನಡುಗುವುದು ಇನ್ನೂ ನಿಂತಿರಲಿಲ್ಲ. ಮುಂದಿನ ವರ್ಷವೇ 1999ರ ಮಾಜ್ದಾ ಮಿಯಾಟಾ ಕೊಂಡೆ. ಎರಡೇ ಸೀಟು, 1.8 ಲೀಟರಿನ ಪುಟ್ಟ ಇಂಜಿನ್, ತೂಕ ಒಂದು ಟನ್ನಿನ ಆಸುಪಾಸು. “ಇದರಲ್ಲಿ ನಾವು ಮೂರು ಜನ ಎಲ್ಲಿ ಕೂರೋದು ರೀ?” ಎಂದು ಕೇಳಿದ ಹೆಂಡತಿಗೆ ಇವತ್ತಿನವರೆಗೂ ಉತ್ತರ ಕೊಟ್ಟಿಲ್ಲ.

ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ 1944ರಲ್ಲಿ ಹುಟ್ಟಿದ ಸಂಸ್ಥೆ. ಈ ಕೋನ್ ಆಟಕ್ಕೆ ಅವರು ಇಟ್ಟಿರುವ ಹೆಸರು ಸೋಲೋ. 1973ರಿಂದ ಅದಕ್ಕೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಸುತ್ತಾ ಬಂದಿದ್ದಾರೆ. ಹಿಂದೆ ಕ್ಯಾನ್ಸಸ್‌ನ ಸಲೈನಾ, ಟೊಪೀಕಾದಲ್ಲಿ ನಡೆಯುತ್ತಿತ್ತು, 2009ರಿಂದ ಲಿಂಕನ್‌ಗೆ ಬಂದಿದೆ. ಒಂದು ಕಾಲದ ವಾಯುಪಡೆ ನೆಲೆಯ ಕಾಂಕ್ರೀಟ್ ಬಯಲು ಅದು. ಸಾವಿರಕ್ಕೂ ಹೆಚ್ಚು ಜನ ಬರುತ್ತಾರೆ. ಬಹುಮಾನದ ದುಡ್ಡಿಗಾಗಿ ಯಾರೂ ಬರುವುದಿಲ್ಲ. ಚಾಂಪಿಯನ್‌ಗೆ ಸಿಗುವ ಜಾಕೆಟ್‌ಗಾಗಿ ಮೂವತ್ತು ವರ್ಷದಿಂದ ಬರುತ್ತಿರುವವರಿದ್ದಾರೆ. ಅಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದೆ.

“ಗೆದ್ರೆ ಎಷ್ಟು ಕೊಡ್ತಾರೋ?”

“ದುಡ್ಡು ಕೊಡಲ್ಲಮ್ಮ.”

“ನೀನೇ ಕೊಡಬೇಕಾ?”

“ಹ್ಞೂಂ. ಎಂಟ್ರಿ ಫೀಸು ಕಟ್ಟಿದೀನಿ.”

ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ.

ಫೀಸು ಚಿಲ್ಲರೆ ಖರ್ಚು, ಮನೆ ತೊಳೆಯುವುದು ಟೈರು. ನನ್ನ ಕಾರು ಓಡುವ ಇ ಸ್ಟ್ರೀಟ್ ತರಗತಿಯಲ್ಲಿ ಕಾರನ್ನು ಹೆಚ್ಚು ಮುಟ್ಟುವಂತಿಲ್ಲ. ಷಾಕ್ ಅಬ್ಸಾರ್ಬರ್, ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಒಂದು ಆಂಟಿ-ರೋಲ್ ಬಾರ್, ಬ್ರೇಕ್ ಪ್ಯಾಡ್, ಇಂಥ ಕೆಲವಕ್ಕೆ ಮಾತ್ರ ಅನುಮತಿ. ಟೈರಿನ ಮೇಲೆ ಟ್ರೆಡ್‌ವೇರ್ ಅಂಕಿ (ಹೆಚ್ಚಿದ್ದಷ್ಟೂ ಸವೆತ ನಿಧಾನ) 200 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಈ ನಿಯಮದ ಒಳಗೇ ಎಷ್ಟು ಅಂಟುವ ಟೈರು ಮಾಡಬಹುದೆಂದು ಕಂಪನಿಗಳು ಜಿದ್ದಿಗೆ ಬಿದ್ದಿವೆ. ಒಂದು ಸೀಸನ್ ಮುಗಿಯುವುದರೊಳಗೆ ಅವುಗಳ ಕಥೆ ಮುಗಿಯುತ್ತದೆ. ಹೊಸ ನಾಲ್ಕಕ್ಕೆ ಹತ್ತಿರ ಹತ್ತಿರ ಎಂಟುನೂರು ಡಾಲರ್ ಕೊಟ್ಟೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುವ ಗಾದೆ ನನಗಾಗಿಯೇ ಮಾಡಿದ್ದಿರಬೇಕು.

ಜೊತೆಗೆ ಬಂದವರನ್ನು ಮೇಷ್ಟ್ರು ಎಂದು ಕರೆಯುತ್ತೇನೆ. ಮನಸ್ಸಿನಲ್ಲಿ ಮಾತ್ರ, ಅವರಿಗೆ ಗೊತ್ತಿಲ್ಲ. ಅಯೋವಾದವರು, ಹೈಸ್ಕೂಲಿನಲ್ಲಿ ಮರಗೆಲಸ ಕಲಿಸಿ ನಿವೃತ್ತರಾದವರು. ಸಲೈನಾ ಕಾಲದಿಂದಲೂ ಈ ಸ್ಪರ್ಧೆಗೆ ಬರುತ್ತಿದ್ದಾರೆ. ಅವರ ಕಾರಿನ ಇಂಜಿನ್ ಜುಲೈಯಲ್ಲಿ ಕೈಕೊಟ್ಟಿತು. ಒಂದೇ ಕಾರಿನಲ್ಲಿ ಇಬ್ಬರು ಸ್ಪರ್ಧಿಸಬಹುದು ಎಂಬ ಅನುಕೂಲ ಇಲ್ಲಿದೆ. ನನ್ನ ಕಾರು, ಅವರ ಪಿಕಪ್, ಅವರ ಅನುಭವ. ಲಾಭ ಯಾರಿಗೆ ಎಂದು ಲೆಕ್ಕ ಹಾಕುವ ಅಗತ್ಯವಿರಲಿಲ್ಲ. ಐ-80 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಎಂಟು ಗಂಟೆ. ದಾರಿಯುದ್ದಕ್ಕೂ ಎರಡೂ ಕಡೆ ಮುಸುಕಿನ ಜೋಳ, ಅದು ಬಿಟ್ಟರೆ ಸೋಯಾ. ಹೇಳುವಂಥದ್ದೇನೂ ಇಲ್ಲ.

ಚಾಂಪಿಯನ್‌ಷಿಪ್‌ನ ವ್ಯವಸ್ಥೆ ಸರಳ, ಅದಕ್ಕೇ ಕ್ರೂರ. ಪೂರ್ವ, ಪಶ್ಚಿಮ ಎಂದು ಎರಡು ಕೋರ್ಸ್. ಒಂದು ದಿನ ಒಂದರಲ್ಲಿ ಮೂರು ಓಟ, ಮರುದಿನ ಇನ್ನೊಂದರಲ್ಲಿ ಮೂರು. ಎರಡೂ ಕಡೆಯ ಅತ್ಯುತ್ತಮ ಸಮಯವನ್ನು ಕೂಡಿಸಿದರೆ ಅದೇ ನಿಮ್ಮ ಫಲಿತಾಂಶ. ಆ ಕೋರ್ಸ್‌ನಲ್ಲಿ ಮೊದಲೇ ಓಡಿಸಿ ಅಭ್ಯಾಸ ಮಾಡುವ ಹಾಗಿಲ್ಲ. ಅಭ್ಯಾಸಕ್ಕೆ ಬೇರೆ ಜಾಗ, ಬೇರೆ ಕೋನ್. ಸ್ಪರ್ಧೆಯ ದಾರಿಯನ್ನು ಕಾಲಿನಲ್ಲಿ ಮಾತ್ರ ನೋಡಬಹುದು.

ಆದ್ದರಿಂದ ನಡಿಗೆ.

ಸೋಮವಾರ ಬೆಳಿಗ್ಗೆ ಕೋರ್ಸ್ ಬಾಗಿಲು ತೆರೆದದ್ದೇ ತಡ, ನೂರಾರು ಜನ ಒಳಗೆ. ಗಂಡ ಹೆಂಡತಿ, ಅಪ್ಪ ಮಗಳು, ಎಪ್ಪತ್ತು ದಾಟಿದ ಮುದುಕರು, ಸ್ಕೇಟ್‌ಬೋರ್ಡಿನ ಮೇಲೆ ಹುಡುಗರು. ಎಲ್ಲರೂ ಗಾಳಿಯಲ್ಲಿ ಇಲ್ಲದ ಸ್ಟಿಯರಿಂಗ್ ತಿರುಗಿಸುತ್ತಾ, ತಮ್ಮಷ್ಟಕ್ಕೆ ಗೊಣಗುತ್ತಾ ಹೋಗುತ್ತಿದ್ದಾರೆ. ದೂರದಿಂದ ನೋಡಿದವರಿಗೆ ಯಾವುದೋ ಮೈಮೇಲೆ ಬರುವ ಉತ್ಸವ ಅನ್ನಿಸಬೇಕು. ಪ್ರತಿ ಕೋನ್‌ನ ಬುಡಕ್ಕೂ ಬಿಳಿ ಚೌಕ, ದಾರಿಯ ಎರಡೂ ಅಂಚಿಗೆ ಬಿಳಿ ಗೆರೆ. ಅಷ್ಟು ದೊಡ್ಡ ಬಯಲಿಗೆ ಯಾರೋ ಬೆಳಗಿನ ಜಾವ ಎದ್ದು ಎಳೆ ರಂಗೋಲಿ ಬಿಟ್ಟ ಹಾಗಿತ್ತು.

ಮೊದಲ ಸುತ್ತಿನಲ್ಲಿ ಮೇಷ್ಟ್ರು ಏನೂ ಹೇಳಲಿಲ್ಲ. ಎರಡನೇ ಸುತ್ತಿನಲ್ಲಿ, “ಬಗ್ಗಿ ನೋಡು” ಅಂದರು. ಮಿಯಾಟಾದಲ್ಲಿ ಕೂತಾಗ ಕಣ್ಣು ನೆಲದಿಂದ ಮೂರೂವರೆ ಅಡಿ ಎತ್ತರದಲ್ಲಿರುತ್ತದೆ. ನಿಂತು ನೋಡಿದರೆ ಸ್ಪಷ್ಟವಾಗಿ ಕಾಣುವ ದಾರಿ ಕುಕ್ಕರುಗಾಲಿನಲ್ಲಿ ಕೂತರೆ ಮಾಯ, ಕೋನ್‌ಗಳ ಗೋಡೆ ಮಾತ್ರ. ಪ್ರತಿ ತಿರುವಿನಲ್ಲೂ ಕೂತೆ, ಎದ್ದೆ. ಐದನೇ ಸುತ್ತಿಗೆ ತೊಡೆ ಕಿತ್ತು ಬರುತ್ತಿತ್ತು.

“ಈ ಸಾಲಿನಲ್ಲಿ ಮುಖ್ಯವಾದ ಕೋನ್ ಯಾವುದು?” ಎಂದು ಕೇಳಿದರು. ಐದು ಕೋನ್‌ಗಳ ಸ್ಲಾಲಮ್ ಅದು, ಒಂದರ ಎಡಕ್ಕೆ, ಇನ್ನೊಂದರ ಬಲಕ್ಕೆ ಹಾವಿನ ಹಾಗೆ ಹೋಗಬೇಕು. ನಾನು ಕೊನೆಯದನ್ನು ತೋರಿಸಿದೆ. ಅವರು ತಲೆಯಾಡಿಸಿ ಮೊದಲನೆಯದರ ಬಳಿ ಹೋಗಿ ನಿಂತರು. ಮೊದಲನೆಯದಕ್ಕೆ ತಡವಾಗಿ ತಿರುಗಿದರೆ ಎರಡನೆಯದಕ್ಕೆ ಇನ್ನಷ್ಟು ತಡ, ಮೂರನೆಯದಕ್ಕೆ ಬ್ರೇಕು. ಚನ್ನರಾಯಪಟ್ಟಣದ ಬಸ್ಸು ಹತ್ತು ನಿಮಿಷ ತಡವಾಗಿ ಹಾಸನದಲ್ಲಿ ಸಕಲೇಶಪುರದ ಬಸ್ಸು ತಪ್ಪುವ ಹಾಗೆ. ನನಗೆ ಅರ್ಥವಾದದ್ದು ಹಾಗೇ, ಅವರು ಹೇಳಿದ್ದು ಬೇರೆ ಏನೋ ಉದಾಹರಣೆ.

ಮಂಗಳವಾರ ಪಶ್ಚಿಮ ಕೋರ್ಸ್. ಗ್ರಿಡ್‌ನಲ್ಲಿ ನಮ್ಮ ತರಗತಿಯ ಕಾರುಗಳು ಸಾಲಾಗಿ ನಿಂತಿದ್ದವು, ಮುಕ್ಕಾಲು ಪಾಲು ಮಿಯಾಟಾಗಳೇ. ಬೆಳಿಗ್ಗೆ ಹತ್ತು ಗಂಟೆಗೇ ಕಾಂಕ್ರೀಟು ಬಾಣಲೆಯಂತೆ ಕಾದಿತ್ತು. ಮೊದಲು ಮೇಷ್ಟ್ರು, ಕಾರು ವಾಪಸು ಬಂದ ತಕ್ಷಣ ನಾನು. ನಡುವೆ ಸಿಗುವ ಕೆಲವೇ ನಿಮಿಷದಲ್ಲಿ ಟೈರು ತಣ್ಣಗಾಗಬೇಕು. ಅದಕ್ಕೆ ಎಲ್ಲರ ಬಳಿಯೂ ಒಂದೇ ಉಪಕರಣ, ನಮ್ಮ ಕಾಫಿ ತೋಟದಲ್ಲಿ ಬೆನ್ನಿಗೆ ಕಟ್ಟಿಕೊಂಡು ಔಷಧಿ ಹೊಡೆಯುವ ಪಂಪಿನ ತಮ್ಮ. ನೀರು ಬಿದ್ದಾಗ ಟೈರಿನಿಂದ ಹಬೆ ಏಳುತ್ತಿತ್ತು. ಸುಟ್ಟ ರಬ್ಬರಿನ ವಾಸನೆಗೆ ಒದ್ದೆ ಸಿಮೆಂಟಿನ ವಾಸನೆ ಬೆರೆತು ಒಂದು ಥರ ಮತ್ತು ಬರಿಸುತ್ತದೆ. ಯಾರಾದರೂ ಅಗರಬತ್ತಿ ಮಾಡಿದರೆ ಕೊಳ್ಳುತ್ತೇನೆ.

ಸ್ಟಾರ್ಟರ್ ಕೈ ಇಳಿಸಿದ. ಗಡಿಯಾರ ಶುರುವಾಗುವುದು ಕಾರು ಮುಂದೆ ಸಾಗಿ ಬೆಳಕಿನ ಕಿರಣವನ್ನು ಕತ್ತರಿಸಿದ ಮೇಲೆ. ಅಷ್ಟರೊಳಗೆ ನನ್ನ ಎದೆಯ ಗಡಿಯಾರ ಓಡಿ ಅರ್ಧ ದಾರಿ ಮುಟ್ಟಿತ್ತು. ಮೊದಲ ಓಟ 65.218. ಬಂದವನಿಗೆ ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ: “ಟೈರು ಕೂಗಿತಾ?” ಇಲ್ಲ, ಕೂಗಿರಲಿಲ್ಲ. ನಮ್ಮೂರಿನ ಪಾರ್ಕಿಂಗ್ ಜಾಗದ ನುಣುಪು ಡಾಂಬರಿನ ಅಭ್ಯಾಸಕ್ಕೆ ಓಡಿಸಿ ಬಂದಿದ್ದೆ. ಇಲ್ಲಿನ ಕಾಂಕ್ರೀಟು ಉಪ್ಪುಕಾಗದದಂತೆ ಟೈರನ್ನು ಹಿಡಿಯುತ್ತದೆ. ಅದು ಕೊಡುತ್ತಿದ್ದ ಹಿಡಿತವನ್ನು ನಾನು ತೆಗೆದುಕೊಂಡೇ ಇರಲಿಲ್ಲ. ಎರಡನೇ ಓಟದಲ್ಲಿ ತೆಗೆದುಕೊಂಡೆ: 63.907, ಜೊತೆಗೊಂದು ಕೋನ್. ದಂಡ ಸೇರಿ 65.907. ಮೂರನೆಯದರಲ್ಲಿ ಕೋನ್‌ಗೆ ಹೆದರಿ ಸ್ವಲ್ಪ ಬಿಗಿ ಹಿಡಿದೆ, 64.102. ಮೇಷ್ಟ್ರ ಸಮಯ 62.6 ಚಿಲ್ಲರೆ. ಅದೇ ಕಾರು, ಅದೇ ಟೈರು, ಅದೇ ಬಿಸಿಲು.

ಓಡಿಸಿದವರೆಲ್ಲ ಇನ್ನೊಂದು ಪಾಳಿಯಲ್ಲಿ ಕೆಲಸ ಮಾಡಲೇಬೇಕು. ಕೋರ್ಸ್ ಮಧ್ಯೆ ನಿಂತು ಬಿದ್ದ ಕೋನ್ ಎತ್ತುವುದು, ದಂಡ ಕೂಗುವುದು, ಅಪಾಯ ಕಂಡರೆ ಕೆಂಪು ಬಾವುಟ ಬೀಸುವುದು. ವೈದ್ಯರು, ಮೆಕ್ಯಾನಿಕ್‌ಗಳು, ಹಿಂದಿನ ವರ್ಷದ ಚಾಂಪಿಯನ್‌ಗಳು, ಎಲ್ಲರೂ ಕೋನ್ ಎತ್ತುತ್ತಾರೆ. ಡ್ಯೂಟಿ ತಪ್ಪಿಸಿದರೆ ಓಡಿಸಿದ್ದೂ ಹೋಯಿತು. ನನಗೆ ಸಿಕ್ಕಿದ್ದು ಒಂದು ಉದ್ದ ತಿರುವಿನ ಹೊರಭಾಗ.

ಆ ಪಾಳಿಯಲ್ಲಿ ಒಂದು ಹಳದಿ ಕಾರು ಬಂತು. ಆ ವೇಗ ಕಂಡಾಗಲೇ ಇದು ಲೆಕ್ಕಕ್ಕಿರುವ ಓಟ ಅನ್ನಿಸಿತು. ಹಿಂದಿನ ಚಕ್ರ ನನ್ನ ಮುಂದಿನ ಕೋನ್‌ಗೆ ಒರೆಸಿತು. ಕೋನ್ ಬುಗುರಿಯಂತೆ ಅರ್ಧ ಸುತ್ತು ತಿರುಗಿ, ಬೀಳುವಂತಾಗಿ, ಬೀಳದೆ ನಿಂತಿತು. ಆದರೆ ಜಾಗ ಬಿಟ್ಟಿತ್ತು. ಓಡಿ ಹೋಗಿ ಮಂಡಿಯೂರಿದೆ. ನಿಯಮ ಹೀಗಿದೆ: ಕೋನ್ ನಿಂತಿದ್ದು, ಬುಡದ ಯಾವುದಾದರೂ ಭಾಗ ಚೌಕದ ಗೆರೆಯನ್ನು ಮುಟ್ಟುತ್ತಿದ್ದರೆ ದಂಡವಿಲ್ಲ. ಪೂರ್ತಿ ಆಚೆ ಹೋಗಿದ್ದರೆ 2 ಸೆಕೆಂಡ್. ಚಿಕ್ಕಂದಿನಲ್ಲಿ ಕುಂಟೆಬಿಲ್ಲೆ ಆಡುವಾಗ ಗೆರೆ ಮುಟ್ಟಿದರೆ ಔಟು. ಇಲ್ಲಿ ಗೆರೆ ಮುಟ್ಟಿದರೆ ಉಳಿದಂತೆ. ಅಕ್ಕನ ಜೊತೆ ಅದೇ ವಿಷಯಕ್ಕೆ ಜುಟ್ಟು ಹಿಡಿದು ಜಗಳವಾಡಿದ್ದವನು ನಾನು. ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ ನೋಡಿದೆ. ಬುಡದ ಒಂದು ಮೂಲೆ, ಉಗುರಿನಷ್ಟು, ಬಿಳಿಯ ಮೇಲಿತ್ತು. ಕಾಂಕ್ರೀಟು ಕೆನ್ನೆ ಸುಟ್ಟಿತು. ಎದ್ದು ಎರಡೂ ಕೈ ಅಡ್ಡ ಬೀಸಿದೆ: ದಂಡ ಇಲ್ಲ. ಮುಂದಿನ ಕಾರು ಆಗಲೇ ಹೊರಟಿತ್ತು. ಕೋನನ್ನು ಚೌಕದೊಳಕ್ಕೆ ತಳ್ಳಿ ಓಡಿದೆ. ಆ ಹಳದಿ ಕಾರಿನವರು ಯಾರು, ಗೆದ್ದರೋ ಇಲ್ಲವೋ, ವಿಚಾರಿಸಲು ಹೋಗಲಿಲ್ಲ.

ಸಂಜೆ ಮತ್ತೆ ನಡಿಗೆ, ಈ ಸಲ ಪೂರ್ವ ಕೋರ್ಸ್. ಹೆಂಡತಿ ಕಟ್ಟಿಕೊಟ್ಟಿದ್ದ ಕೋಡುಬಳೆ ಡಬ್ಬ ಮೇಷ್ಟ್ರ ಕಂಕುಳಲ್ಲಿತ್ತು. ಕೋರ್ಸಿನ ಕೊನೆಯ ಭಾಗದಲ್ಲಿ ನಿಂತು ಅದನ್ನು ಕಟುಂ ಕಟುಂ ಅಗಿಯುತ್ತಾ ನಮ್ಮಿಬ್ಬರ ನಿಜವಾದ ಸಮಸ್ಯೆ ತೋರಿಸಿದರು. ಅಲ್ಲಿ ಒಂದು ನೇರ ಓಟವಿತ್ತು, ಅದರ ಕೊನೆಗೆ ಮೂರು ಕೋನ್‌ಗಳ ಸ್ಲಾಲಮ್, ಆಮೇಲೆ ಫಿನಿಷ್. ನನ್ನ ಕಾರು ಎರಡನೇ ಗೇರಿನಲ್ಲಿ ಗಂಟೆಗೆ 95 ಕಿಲೋಮೀಟರ್ ಮುಟ್ಟುವ ಹೊತ್ತಿಗೆ ಇಂಜಿನ್ ನಿಮಿಷಕ್ಕೆ 7,000 ಸುತ್ತಿನ ಹತ್ತಿರ ಹೋಗಿ, ಇನ್ನು ಸಾಕು ಎಂದು ಬಡಬಡಿಸಲು ಶುರು ಮಾಡುತ್ತದೆ. ಮೂರನೇ ಗೇರಿಗೆ ಹಾಕಿದರೆ ಎರಡು ಸಲ ಗೇರ್ ಬದಲಿಸಬೇಕು, ಏರಿಸಿದ್ದನ್ನು ಇಳಿಸಬೇಕು. ಹಾಕದಿದ್ದರೆ ಒಂದು ಸೆಕೆಂಡಿನಷ್ಟು ಹೊತ್ತು ಇಂಜಿನ್ ಬಡಿದುಕೊಳ್ಳುತ್ತಿರುತ್ತದೆ.

“ಹಾಕಬೇಡ,” ಅಂದರು. “ಅದು ಬೈಯಲಿ. ನೀನು ಕೈ ಸ್ಟಿಯರಿಂಗ್ ಮೇಲಿಟ್ಟು ಮುಂದೆ ನೋಡು.” ಇನ್ನೊಂದು ಕೋಡುಬಳೆ ತೆಗೆದುಕೊಂಡು, “ಇದರಲ್ಲಿ ಖಾರ ತಡವಾಗಿ ಬರುತ್ತೆ” ಎಂದರು. ಆ ದಿನ ಅವರಿಂದ ಕೇಳಿದ ಅತ್ಯಂತ ದೊಡ್ಡ ಮೆಚ್ಚುಗೆ ಅದು.

ಬುಧವಾರ. ಮೊದಲ ಓಟ 61.340, ಯಾವ ಕೋನೂ ಬೀಳಲಿಲ್ಲ. ಆದರೆ ಹೆದರಿ ಮೂರನೇ ಗೇರಿಗೆ ಹಾಕಿದ್ದೆ. ಎರಡನೆಯದರಲ್ಲಿ ಉದ್ದ ತಿರುವಿಗೆ ಅತಿಯಾದ ಆಸೆಯಿಂದ ನುಗ್ಗಿದೆ. ಮೂತಿ ಹೊರಕ್ಕೆ ತಳ್ಳಿಕೊಂಡು ಹೋಗಿ, ಒಳಗಿನಿಂದ ದಾಟಬೇಕಿದ್ದ ಗೇಟಿನ ಹೊರಗಿನಿಂದ ದಾಟಿತು. ಕೋನ್ ಮುಟ್ಟಲಿಲ್ಲ ಎಂದು ಅರೆಗಳಿಗೆ ಖುಷಿಪಟ್ಟೆ. ಗೇಟು ತಪ್ಪಿದ್ದು ಹೊಳೆದದ್ದು ಆಮೇಲೆ. ಆ ಓಟ ಸೊನ್ನೆ.

ಒಂದೇ ಉಳಿಯಿತು. ಸುಮ್ಮನೆ ಕೂತು ಫಲಿತಾಂಶ ನೋಡದೇ ಇರಬೇಕಿತ್ತು, ನೋಡಿದೆ. ನಮ್ಮ ತರಗತಿಯಲ್ಲಿ ಟ್ರೋಫಿ ಸಿಗುವ ಕೊನೆಯ ಸ್ಥಾನಕ್ಕೂ ನನಗೂ ನಡುವೆ ಮುಕ್ಕಾಲು ಸೆಕೆಂಡಿನ ಅಂತರ. ಮೂರನೇ ಗೇರಿಗೆ ಹಾಕದಿದ್ದರೆ ಅದರಲ್ಲಿ ಅರ್ಧ ಅಲ್ಲೇ ಸಿಕ್ಕೀತು. ಮೇಷ್ಟ್ರು ಟೈರಿಗೆ ನೀರು ಹೊಡೆಯುತ್ತಿದ್ದರು. ಏನಾದರೂ ಹೇಳುತ್ತಾರೆಂದು ಕಾದೆ. ಗಾಜಿನ ಮೇಲೆ ಬಿದ್ದಿದ್ದ ನೀರನ್ನು ಒರೆಸಿ ಆಚೆ ಹೋದರು.

ಆ ಓಟದ ಮೊದಲ ಐವತ್ತು ಸೆಕೆಂಡು ನನಗೆ ನೆನಪೇ ಇಲ್ಲ. ಟೈರು ಕೂಗುತ್ತಲೇ ಇತ್ತು ಅನ್ನುವುದು ಮಾತ್ರ ಗೊತ್ತು. ಉದ್ದ ತಿರುವು ಮುಗಿದು ನೇರಕ್ಕೆ ಬಂದಾಗಿನಿಂದ ಎಲ್ಲ ನೆನಪಿದೆ. ಇಂಜಿನ್ ಬಡಬಡಿಸತೊಡಗಿತು, ಬಲಗೈ ಗೇರಿನ ಕಡೆ ಹೋಗಲಿಲ್ಲ. ಆದರೆ ಈ ಲೆಕ್ಕದಲ್ಲಿ ಒಂದು ಬಾಕಿ ಇತ್ತು. ಮೊದಲ ಓಟದಲ್ಲಿ ಗೇರ್ ಇಳಿಸುವ ನೆಪದಲ್ಲಿ ಬೇಗ ಬ್ರೇಕ್ ಹಾಕಿದ್ದೆ. ಈಗ ಆ ನೆಪವಿಲ್ಲ, ಹಿಂದೆಂದೂ ಬಂದಿರದ ವೇಗದಲ್ಲಿ ಕೊನೆಯ ಸ್ಲಾಲಮ್‌ಗೆ ಬಂದಿದ್ದೆ. ಮೊದಲ ಕೋನ್‌ಗೆ ಅರ್ಧ ಕಾರಿನಷ್ಟು ತಡ. ಎರಡನೆಯದಕ್ಕೆ ಪೂರ್ತಿ ತಡ. ಮುಂದೆ ನೋಡು ಎಂದು ಎರಡು ದಿನ ಹೇಳಿಸಿಕೊಂಡ ಕಣ್ಣು ಆ ಎರಡನೇ ಕೋನನ್ನೇ ನೋಡಿತು. ಎಡಗಡೆ ಹಿಂದಿನಿಂದ ಟಪ್ ಎಂದು ಒಂದು ಸದ್ದು. ತೆಂಗಿನ ಮರದಿಂದ ಎಳನೀರು ಬಿದ್ದ ಸದ್ದಿನ ಥರ, ಜೋರೇನಲ್ಲ.

ಫಲಕದಲ್ಲಿ 60.021 ಎಂದು ಬಂತು. ಜೊತೆಗೆ ಒಂದು ಕೋನ್ ಎಂದು ಧ್ವನಿವರ್ಧಕದಲ್ಲಿ ಕೂಗಿದರು. ಈ ಸಲ ಯಾರೂ ಮಂಡಿಯೂರಿ ನೋಡುವ ಅಗತ್ಯ ಬೀಳಲಿಲ್ಲ. ಹಿಂದೆ ತಿರುಗಿ ನೋಡಿದರೆ ನನಗೇ ಕಾಣುತ್ತಿತ್ತು, ಚೌಕದಿಂದ ಹತ್ತು ಅಡಿ ಆಚೆ ಕಾಲು ಚಾಚಿ ಮಲಗಿತ್ತು.

ಓಟ ಮುಗಿದ ಮೇಲೆ ನಮ್ಮ ತರಗತಿಯ ಕಾರುಗಳನ್ನೆಲ್ಲ ಒಂದು ಆವರಣದಲ್ಲಿ ನಿಲ್ಲಿಸಿ ಬಾನೆಟ್ ತೆರೆದಿಡಬೇಕು. ಯಾರ ಕಾರಿನ ಮೇಲೆ ಯಾರಿಗೆ ಅನುಮಾನವಿದ್ದರೂ ಆ ಹೊತ್ತಿನಲ್ಲಿ ತಕರಾರು ಕೊಡಬಹುದು. ಹುಡುಗಿಯೊಬ್ಬಳು ಬಂದು ನನ್ನ ಇಂಜಿನ್ ಒಳಗೆ ಬಗ್ಗಿ ನೋಡಿ, “ಚೊಕ್ಕವಾಗಿಟ್ಟಿದ್ದೀರಿ” ಎಂದು ಹೋದಳು. ಮೇಷ್ಟ್ರು ಏಳನೆಯವರಾಗಿದ್ದರು, ನನ್ನ ಕಾರಿನಲ್ಲಿ. ಟ್ರೋಫಿ ಅವರದ್ದಾದರೂ ಕಾರಿಗೂ ಅರ್ಧ ಪಾಲು ಕೊಡಬೇಕೆಂದು ವಾದಿಸಿದೆ. ಒಪ್ಪಲಿಲ್ಲ. ನನ್ನ ಮೊತ್ತ 125.442. ಆ ಕೋನ್ ಬೀಳದಿದ್ದರೆ ಎಷ್ಟಾಗುತ್ತಿತ್ತು ಎಂದು ಕೂಡಿಸಿ ನೋಡಿದ್ದೇನೆ, ಸುಮಾರು ಇನ್ನೂರು ಸಲ. ಕೋನ್ ಬೀಳದಂತೆ ಓಡಿಸಿದ್ದರೆ ಅಷ್ಟು ವೇಗ ಬರುತ್ತಿರಲಿಲ್ಲ ಎನ್ನುವುದನ್ನು ಮಾತ್ರ ಆ ಲೆಕ್ಕಕ್ಕೆ ಸೇರಿಸುವುದಿಲ್ಲ.

ಗುರುವಾರ, ಶುಕ್ರವಾರ ಉಳಿದ ತರಗತಿಗಳ ಸರದಿ. ನಾವು ಉಳಿದುಕೊಂಡೆವು. ಬೇರೆಯವರು ಕೊನೆಯ ಸ್ಲಾಲಮ್‌ನಲ್ಲಿ ಏನು ಮಾಡುತ್ತಾರೆ ಎಂದು ಬಿಸಿಲಿನಲ್ಲಿ ನಿಂತು ನೋಡಿದೆ. ಒಳ್ಳೆಯವರೆಲ್ಲ ಅದರ ಮೊದಲ ಕೋನ್ ಮುಟ್ಟುವ ಮುಂಚೆಯೇ ತಿರುಗಿ ಮುಗಿಸಿರುತ್ತಿದ್ದರು. ನೋಡುವುದಕ್ಕೆ ನಿಧಾನ ಅನ್ನಿಸುತ್ತಿತ್ತು. ಸಮಯ ಮಾತ್ರ ಬೇರೆ ಹೇಳುತ್ತಿತ್ತು.

ಶನಿವಾರ ವಾಪಸು ಬರುವಾಗ ಅಯೋವಾದ ವಾಲ್ಕಾಟ್‌ನಲ್ಲಿ, ಜಗತ್ತಿನಲ್ಲೇ ದೊಡ್ಡದು ಎಂದು ಬೋರ್ಡು ಹಾಕಿಕೊಂಡ ಟ್ರಕ್ ನಿಲ್ದಾಣದಲ್ಲಿ ಪೆಟ್ರೋಲ್ ಹಾಕಿಸುತ್ತಾ ಅಮ್ಮನಿಗೆ ಫೋನು ಮಾಡಿದೆ. ಕಾರಿನ ಎಡ ಹಿಂಬದಿಯಲ್ಲಿ, ಚಕ್ರದ ಹಿಂದೆ, ಗೇಣುದ್ದದ ಕಿತ್ತಳೆ ಗೀರಿತ್ತು. ಒರೆಸಿರಲಿಲ್ಲ.

“ಗೆದ್ಯೇನೋ?”

“ಇಲ್ಲಮ್ಮ. ಒಂದು ಕೋನ್ ಬಿದ್ದುಹೋಯ್ತು.”

“ಯಾರಿಗೂ ಪೆಟ್ಟಾಗಲಿಲ್ಲ ತಾನೆ?”

“ಕೋನ್‌ಗೆ ಆಯ್ತು ಅಷ್ಟೆ.”

“ಎತ್ತಿ ನಿಲ್ಲಿಸಿದ್ರಾ ಅದನ್ನ?”

“ಹ್ಞೂಂ, ಅಲ್ಲಿದ್ದೋರು ನಿಲ್ಲಿಸಿದ್ರು.”

“ಸರಿ ಬಿಡು ಮತ್ತೆ. ಊಟ ಆಯ್ತಾ?”